ಗಂಟಲ ಆಪರೇಷನ್ನಿಗೆ ಮುಂಚೆ ಹಾಡಿದ ದೀಪಾವಳಿ

ನನ್ನ ಕೊರಳಿನ ಗಂಟು ಮೊದಲು ಕಂಡದ್ದು ನನಗಲ್ಲ, ವಾಡಿಯಲ್ಲಿ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದ ಹೆಂಗಸಿಗೆ. ಕೊರಳ ಅಳತೆಗೆಂದು ಟೇಪು ಸುತ್ತಿದವಳು ಅದನ್ನು ಹಾಗೇ ಸಡಿಲ ಬಿಟ್ಟು, "ಅಕ್ಕೋರೆ, ಜರಾ ಉಗುಳು ನುಂಗ್ರಿ" ಅಂದಳು. ನುಂಗಿದೆ. "ಮತ್ತೊಮ್ಮೆ ನುಂಗ್ರಿ." ಮತ್ತೆ ನುಂಗಿದೆ. ಅವಳ ನೋಟ ನನ್ನ ಕೊರಳ ಮೇಲೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು.

"ಒಳಗ ಏನೋ ಓಡಾಡಾಕತ್ತದ ನೋಡ್ರಿ. ಮನ್ಯಾಗ ಕನ್ನಡಿ ಮುಂದ ನಿಂತು ನೋಡ್ಕೋರಿ" ಅಂದಳು.

ಮನೆಗೆ ಬಂದು ಕನ್ನಡಿ ಹಿಡಿದೆ. ಗಂಟಲಿನ ಎಡಕ್ಕೆ ನೆಲ್ಲಿಕಾಯಿಯಷ್ಟು ಉಬ್ಬು. ನುಂಗಿದರೆ ಮೇಲೇರುತ್ತಿತ್ತು, ಆಮೇಲೆ ತಾನೇ ಇಳಿಯುತ್ತಿತ್ತು. ನೋವಿರಲಿಲ್ಲ. ನೋವಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಇಷ್ಟು ದಿನ ನನ್ನ ಮೈಯಲ್ಲೇ ಇದ್ದು, ನನಗೇ ಗೊತ್ತಾಗದ ಹಾಗೆ ಬೆಳೆದಿತ್ತಲ್ಲ.

ಆಗ ನನಗೆ ಮೂವತ್ತು ದಾಟಿತ್ತು. ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನ ಯಜಮಾನರು ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕ್ಲರ್ಕು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರಕ್ಕೆ ಹೋಗುವುದು, ಸಂಜೆ ಇನ್ನೊಂದು ಗಾಡಿಗೆ ಮರಳುವುದು. ಇದರ ನಡುವೆ ನನಗೆ ಹಾಡು ಎಂಬುದೊಂದಿತ್ತು.

ನನ್ನ ತವರು ಚಿಂಚೋಳಿ ಕಡೆಯ ಚಿಮ್ಮನಚೋಡ. ನನ್ನವ್ವ ಮಾತು ಕಡಿಮೆಯ ಹೆಂಗಸು. ಆದರೆ ಹಬ್ಬ ಬಂತೆಂದರೆ ಅವಳೇ ಓಣಿಗೆ ಮುಂದಾಗಿ ಹಾಡುತ್ತಿದ್ದಳು. ಪಂಚಮಿಗೆ ಜೋಕಾಲಿಯ ಹಾಡು, ದಸರೆಗೆ ಬನ್ನಿಯ ಹಾಡು, ದೀಪಾವಳಿಗೆ ನೀರು ತುಂಬುವಾಗ ಒಂದು, ಸಗಣಿಯಿಂದ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿ ಕೂರಿಸುವಾಗ ಇನ್ನೊಂದು, ಅಣ್ಣತಮ್ಮಂದಿರಿಗೆ ಆರತಿ ಬೆಳಗುವಾಗ ಮತ್ತೊಂದು. ಅವಳ ಮಗ್ಗುಲಲ್ಲಿ ನಿಂತು ಕಲಿತದ್ದೇ ನನ್ನ ಸಂಗೀತ. ಮದುವೆಯಾಗಿ ವಾಡಿಗೆ ಬಂದ ಮೇಲೆ ರೈಲ್ವೆಯವರ ಸಮಾರಂಭಗಳಲ್ಲಿ ಹಾಡಿದೆ. ಒಮ್ಮೆ ಶಹಾಬಾದಿನ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದ ಗಾಯಕಿಗೆ ಜ್ವರ ಬಂದು ನನ್ನನ್ನು ಕರೆದೊಯ್ದರು. ಅಂದಿನಿಂದ ವರ್ಷಕ್ಕೊಮ್ಮೆಯಾದರೂ ಅವರ ಜೊತೆ ಹಾಡುತ್ತಿದ್ದೆ.

ಆ ಆರ್ಕೆಸ್ಟ್ರಾ ನಡೆಸುತ್ತಿದ್ದವರು ಶಹಾಬಾದಿನ ಒಬ್ಬ ಮುಸಲ್ಮಾನರು. ಹಗಲು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಸಂಜೆ ಹಾರ್ಮೋನಿಯಂ ಪೆಟ್ಟಿ, ಅಕಾರ್ಡಿಯನ್. ಎಲ್ಲರೂ ಅವರನ್ನು ಮಾಸ್ತರ್ ಅನ್ನುತ್ತಿದ್ದರು. ಆ ವರ್ಷ ಬೇಸಿಗೆಯಲ್ಲಿ ಅವರು ನಮ್ಮ ಮನೆಗೆ ಬಂದಿದ್ದರು. ಕ್ಯಾಸೆಟ್ಟು ಬಂದ ಹೊಸತು. ಹೋಟೆಲು, ಬಸ್ಸು, ಕಟಿಂಗ್ ಅಂಗಡಿ, ಎಲ್ಲಿ ನೋಡಿದರೂ ಟೇಪ್ ರೆಕಾರ್ಡರು.

"ಅಕ್ಕೋರೆ, ಸಿನಿಮಾ ಹಾಡಿನ ಕ್ಯಾಸೆಟ್ ಬೇಕಾದಷ್ಟು ಸಿಗ್ತಾವ. ನಮ್ಮ ಕಡಿ ಹೆಣ್ಣಮಕ್ಕಳು ಹಾಡೋ ದೀಪಾವಳಿ ಹಾಡು ಒಂದರ ಸಿಗ್ತಾವೇನ್ರಿ? ನೀವು ಹಾಡ್ರಿ, ನಮ್ಮ ಪೂರಾ ಪಾರ್ಟಿ ಬಾರಸ್ತದ. ಹಬ್ಬದ ಮುಂದ ಕ್ಯಾಸೆಟ್ ಹೊರಗ ಬರ್ಬೇಕು" ಎಂದಿದ್ದರು.

ನೋಡೋಣ ಎಂದಿದ್ದೆ. ಒಲೆಯ ಮುಂದೆ, ಹೊಸ್ತಿಲ ಮುಂದೆ ಹಾಡುವ ಹಾಡಿಗೆ ಪಿಟೀಲು, ಕ್ಲಾರಿನೆಟ್ಟು ಎಂತಹದು ಎಂದು ನನಗೆ ಸಂಕೋಚವಿತ್ತು.

ಗಂಟು ಕಂಡ ವಾರದಲ್ಲಿ ಯಜಮಾನರು ರಜೆ ಹಾಕಿ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದವರು, ಮೆಲುಮಾತಿನವರು. ನನ್ನ ಹಿಂದೆ ನಿಂತು ಕೊರಳಿನ ಎರಡೂ ಕಡೆ ಬೆರಳಿಟ್ಟು ನೀರು ಕುಡಿಸಿದರು. ಗಂಟು ತೆಗೆಯಲೇಬೇಕು, ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಅದು ಎಂತಹ ಗಂಟೆಂದು ಹೇಳಲಾಗುವುದು ಎಂದರು. ಎಂತಹ ಗಂಟು ಎಂಬ ಮಾತಿನ ಅರ್ಥ ನಮ್ಮಿಬ್ಬರಿಗೂ ಆಯಿತು. ಇಬ್ಬರೂ ಬಾಯಿ ಬಿಟ್ಟು ಕೇಳಲಿಲ್ಲ.

ಆಮೇಲೆ ಅವರು, ಏನು ಕೆಲಸ ಮಾಡುತ್ತೀಯಮ್ಮ ಎಂದು ಉರ್ದುವಿನಲ್ಲಿ ಕೇಳಿದರು. ಶಾಲೆಯಲ್ಲಿ ಕಲಿಸುತ್ತೇನೆ ಎಂದೆ. ಯಜಮಾನರು ಪಕ್ಕದಿಂದ, "ಹಾಡ್ತಾಳ್ರಿ. ಭಾಳ ಛಲೋ ಹಾಡ್ತಾಳ" ಎಂದು ಕನ್ನಡದಲ್ಲೇ ಹೇಳಿಬಿಟ್ಟರು. ಡಾಕ್ಟರಿಗೆ ಅಷ್ಟು ಕನ್ನಡ ತಿಳಿಯಿತು. ಧ್ವನಿಯ ನರ ಈ ಗಂಟಿನ ಬೆನ್ನಿಗೆ ಅಂಟಿಕೊಂಡ ಹಾಗೆ ಹೋಗಿರುತ್ತದೆ, ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ಅದಕ್ಕೆ ಪೆಟ್ಟಾಗುತ್ತದೆ, ಆಗ ಮಾತು ಒಡೆಯಬಹುದು, ಹಾಡು ಹೋಗಬಹುದು ಎಂದು ಬಿಡಿಸಿ ಹೇಳಿದರು. ಅಲ್ಲಿಯವರೆಗೆ ಹಾಡಬಹುದೇ ಎಂದು ಯಜಮಾನರು ಕೇಳಿದರು. ಹಾಡಲಿ, ಹಾಡಿದರೆ ಗಂಟಿಗೇನೂ ಆಗದು ಎಂದರು. ದಸರೆ ಮುಗಿದ ಮೇಲೆ ಬಂದು ಸೇರಿಕೊಳ್ಳಬೇಕೆಂದು ಆಯಿತು.

ಮರಳುವಾಗ ಕಿಟಕಿ ಪಕ್ಕ ಕೂತಿದ್ದೆ. ತಾಂಡೂರು ದಾಟಿತು. ಸೇಡಂ ಬಂತು, ಹೋಯಿತು. ಜೀವಕ್ಕೇ ಏನಾದರೂ ಆದರೆ ಎಂದು ಯೋಚಿಸಬೇಕಾದವಳು ನಾನು ಹಾಡಿನ ಬಗ್ಗೆಯೇ ಯೋಚಿಸುತ್ತಿದ್ದೆ. ಸತ್ತರೆ ಸತ್ತೆ ಎಂದು ಮನಸ್ಸು ಹೇಗೋ ಒಪ್ಪಿಕೊಳ್ಳುತ್ತಿತ್ತು. ಬದುಕಿದ್ದು, ಬಾಯಿ ತೆರೆದರೆ ಗಾಳಿಯಷ್ಟೇ ಬರುವುದು ಎಂಬುದನ್ನು ಮಾತ್ರ ನೆನೆಯಲಾಗುತ್ತಿರಲಿಲ್ಲ.

"ಶಹಾಬಾದಿನ ಮಾಸ್ತರಿಗೆ ಹೂಂ ಅಂತ ಹೇಳಿ ಬಿಡ್ರಿ" ಎಂದೆ.

"ಈಗ ಬೇಕಾ ಅದು? ಜೀವ ಛಲೋ ಇರ್ಲಿ ಮೊದ್ಲು."

"ಈಗs ಬೇಕು. ಆಮ್ಯಾಗ ಹಾಡಾಕ ಬರ್ತದೋ ಇಲ್ಲೋ. ಗಂಟಿಂದು ಮಾತ್ರ ಅವರಿಗೆ ಹೇಳಬ್ಯಾಡ್ರಿ."

ಅವರು ನನ್ನ ಕಡೆ ನೋಡದೆ ತಲೆ ಆಡಿಸಿದರು. ಕಣ್ಣು ತುಂಬಿದಾಗ ಅವರು ಹಾಗೆಯೇ ಬೇರೆ ಕಡೆ ನೋಡುತ್ತಿದ್ದರು.

ಭಾನುವಾರಗಳಂದು ಮಾಸ್ತರರ ಮನೆಯಲ್ಲಿ ತಾಲೀಮು ಶುರುವಾಯಿತು. ಫರಸಿ ಕಲ್ಲು ಹಾಸಿದ ತಣ್ಣನೆಯ ಪಡಸಾಲೆ. ಅಲ್ಲಿ ತಬಲ, ಢೋಲಕ್, ಬೆಂಜೊ ಹರಡಿಕೊಂಡಿರುತ್ತಿದ್ದವು. ರೈಲ್ವೆಯಿಂದ ನಿವೃತ್ತರಾದ ಒಬ್ಬ ಕ್ರೈಸ್ತ ಗಾರ್ಡು ಪಿಟೀಲು ತರುತ್ತಿದ್ದರು. ಚಿತ್ತಾಪುರದ ಮದುವೆ ಬ್ಯಾಂಡಿನಿಂದ ಕ್ಲಾರಿನೆಟ್ಟಿನವನು ಬರುತ್ತಿದ್ದ. ಮೊದಲ ದಿನ ಅವರೆಲ್ಲ ಒಟ್ಟಿಗೆ ನುಡಿಸಿದಾಗ ನನ್ನವ್ವನ ಹಾಡು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಮಾಸ್ತರ್ ಒಬ್ಬೊಬ್ಬರನ್ನೇ ತಡೆದು, "ಅಕ್ಕೋರು ಉಸರು ತಗೊಂಡಾಗ ನೀವು ಬಾರಸ್ರಿ. ಅವರು ಹಾಡಾಗ ಹಿಂದ ಸರೀರಿ" ಎಂದು ತಿದ್ದಿದರು. ಬರಬರುತ್ತಾ ಛಂದ ಕೂಡಿಬಂತು. ನೀರು ತುಂಬುವ ಹಾಡಿಗೆ ಗಾರ್ಡು ಸಾಹೇಬರು ಪಿಟೀಲಿನಲ್ಲಿ ಸಣ್ಣದೊಂದು ತಿರುವು ಕೊಟ್ಟರೆ, ಕೊಡ ಬಾವಿಗೆ ಇಳಿದ ಹಾಗೆಯೇ ಕೇಳುತ್ತಿತ್ತು.

ಆ ಛಂದವೇ ನನ್ನನ್ನು ಇನ್ನಷ್ಟು ಹೆದರಿಸಿತು. ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಮೆಲ್ಲಗೆ ಗುನುಗಿ ನೋಡುತ್ತಿದ್ದೆ. ಧ್ವನಿ ಇದೆ ಎಂದು ಖಾತ್ರಿಯಾದ ಮೇಲೆಯೇ ಒಲೆ ಹಚ್ಚುತ್ತಿದ್ದೆ. ಗಾಡಿಯಲ್ಲಿ ಯಾರಾದರೂ ಕೊರಳ ಕಡೆ ನೋಡಿದರೆ ಸೆರಗು ಎಳೆದುಕೊಳ್ಳುತ್ತಿದ್ದೆ. ತರಗತಿಯಲ್ಲಿ ಪದ್ಯ ಹೇಳಿಕೊಡುವಾಗ ಗಂಟಲು ಒಣಗಿದರೂ ಸಾಕು, ಮಾತು ನಿಲ್ಲಿಸಿ ಹುಡುಗಿಯರಿಗೆ ಬರೆಯಲು ಹಚ್ಚುತ್ತಿದ್ದೆ. ಉಳಿದಿರುವ ಧ್ವನಿ ಖರ್ಚಾಗಿ ಹೋಗುತ್ತದೆ ಅನ್ನುವ ಹಾಗೆ ಮಾತು ಉಳಿಸಿಕೊಳ್ಳುತ್ತಿದ್ದೆ.

ದಸರೆಯ ರಜೆ ಬಂತು. ಹೈದರಾಬಾದಿನಿಂದ ಒಬ್ಬ ರೆಕಾರ್ಡಿಂಗ್‌ನವನು ದೊಡ್ಡ ಸ್ಪೂಲಿನ ಮಷೀನು ಹೊತ್ತು ಬಂದ. ಶಹಾಬಾದಿನಲ್ಲಿ ಸ್ಟುಡಿಯೋ ಎಲ್ಲಿಯದು? ಮಾಸ್ತರ್ ತಮ್ಮ ಪರಿಚಯದವರ ಖಾಲಿ ಗೋದಾಮೊಂದನ್ನು ಕೇಳಿ ಪಡೆದಿದ್ದರು. ಕಲ್ಲುಗೋಡೆ, ಕಲ್ಲುನೆಲ. ಮಾತಾಡಿದರೆ ಮೂಲೆಯಿಂದ ಮಾತು ಮರಳಿ ಬರುತ್ತಿತ್ತು. ಓಣಿಯ ಮನೆಮನೆಯಿಂದ ಕೌದಿ ತಂದು ಗೋಡೆಗೆಲ್ಲ ಇಳಿಬಿಟ್ಟರು, ನೆಲಕ್ಕೆ ಜಮಖಾನೆ ಹಾಸಿದರು. ಬಾಗಿಲು ಮುಚ್ಚಿದರೆ ಒಳಗೆ ಹಳೆ ಬಟ್ಟೆಯ ವಾಸನೆ, ಕೆಂಡದಂತಹ ಸೆಕೆ.

ರೆಕಾರ್ಡಿಂಗ್‌ನವನು ಮೊದಲೇ ಹೇಳಿಬಿಟ್ಟ. ಎಲ್ಲರೂ ಒಮ್ಮೆಗೇ ನುಡಿಸಬೇಕು, ಒಮ್ಮೆಗೇ ಹಾಡಬೇಕು. ನಡುವೆ ಒಬ್ಬರು ತಪ್ಪಿದರೆ ಇಡೀ ಹಾಡು ಮೊದಲಿನಿಂದ. ಪಕ್ಕದ ಹಳಿಯಲ್ಲಿ ಗಾಡಿ ಬಂದರೆ ನಿಲ್ಲಿಸಬೇಕು. ಸುಣ್ಣದ ಕಲ್ಲಿನ ಗಣಿಯಲ್ಲಿ ಸ್ಫೋಟದ ಸೈರನ್ ಆದರೆ ಅದು ಮುಗಿಯುವ ತನಕ ಕಾಯಬೇಕು. ಯಾರು ತಪ್ಪಿಯಾರು ಎಂದು ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೆ ನಗೆ ಬರಲಿಲ್ಲ.

ಮೊದಲಿನ ಹಾಡುಗಳು ಹೇಗೋ ದಾಟಿದವು. ಆರತಿಯ ಹಾಡಿಗೆ ಬಂದಾಗ ಕಂಟಕ ಶುರುವಾಯಿತು. ಆ ಹಾಡಿನಲ್ಲಿ ಅಕ್ಕ ತಮ್ಮನ ಹಣೆಗೆ ಕುಂಕುಮ ಇಟ್ಟು, ನಿನ್ನ ಆಯುಷ್ಯ ಬೆಳೆಯಲಿ ಎಂದು ಹರಸುವ ಸಾಲಿಗೆ ಧ್ವನಿ ಒಮ್ಮೆಲೇ ಮೇಲಕ್ಕೆ ಏರಬೇಕು. ಏರಿದೆ, ಅಲ್ಲಿ ಧ್ವನಿ ಒಡೆಯಿತು. ಎಲ್ಲರೂ ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿದರು. ಅದೇ ಜಾಗದಲ್ಲಿ ಮತ್ತೆ ಒಡೆಯಿತು. ಆಮೇಲೆ ಒಂದು ಗೂಡ್ಸ್ ಗಾಡಿ ಬಂದು ಹಾಡು ನಿಂತಿತು. ಅದು ಹೋದ ಮೇಲೆ ಹಾಡಿದರೆ, ಆ ಸಾಲು ಬರುವ ಮೊದಲೇ ನನ್ನ ತುಟಿ ನಡುಗತೊಡಗಿತು. ಕ್ಲಾರಿನೆಟ್ಟಿನವನು ಬೆವರು ಒರೆಸಿಕೊಂಡು ಸುಮ್ಮನೆ ನೆಲ ನೋಡಿದ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಬೈದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಗಂಟಲ ಹಿಡಿದದೇನ್ರಿ ಅಕ್ಕೋರೆ?" ಎಂದು ಮಾಸ್ತರ್ ಕೇಳಿದರು.

"ಸೆಕಿ ಭಾಳ ಅದ, ಅದಕ್ಕs" ಎಂದೆ.

ಅವರ ಹೆಂಡತಿ ಚಹಾದ ಕಿತ್ತಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಹೊರಗೆ ಬೇವಿನ ನೆರಳಿಗೆ ಕರೆದೊಯ್ದು ಬಿಸಿನೀರು ಕೊಟ್ಟರು. ಕುಡಿಯುವಾಗ ಸೆರಗು ಜಾರಿತ್ತು. ನನಗೆ ಗೊತ್ತಾಗಲಿಲ್ಲ. ಲೋಟ ಕೆಳಗಿಟ್ಟು ನೋಡಿದರೆ ಆಕೆ ನನ್ನ ಕೊರಳನ್ನೇ ನೋಡುತ್ತಿದ್ದಾರೆ.

"ಯಾವಾಗಿಂದ ಅದ ಇದು?"

ಏನು ಹೇಳಬೇಕೋ ತಿಳಿಯದೆ ಅಳು ಬಂತು. ಆಪರೇಷನ್ನು, ನರ, ಡಾಕ್ಟರು ಹೇಳಿದ ಮಾತು, ಎಲ್ಲವನ್ನೂ ಅಲ್ಲೇ ನಿಂತು ಹೇಳಿಬಿಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡು ಕೇಳಿದರು. ಹಿಂದೆ ಮಾಸ್ತರ್ ಬಂದು ನಿಂತದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ಅವರು ಒಳಗೆ ಹೋಗಿ ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿನಿಂದ ಇಳಿಸಿ, "ಬಂದ್ ಮಾಡ್ರಿ. ಇವತ್ತಿಗೆ ಸಾಕು. ಸಾಮಾನು ಕಟ್ರಿ" ಅಂದರು. ಯಾರಿಗೂ ಏನೂ ಅರ್ಥವಾಗಲಿಲ್ಲ. ನಾನು ಬಾಗಿಲಿಗೆ ಬಂದೆ.

"ಮಾಸ್ತರ್ರೆ, ಹಾಡಿದ್ರ ಏನೂ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಹೇಳ್ಯಾರಂತ ನಾ ಹಾಡಸ್ಲೇನು? ನಾಳೆ ನಿಮ್ಮ ಆವಾಜ್ ಹೋತು ಅಂದ್ರ? ಆ ಗೋದಾಮಿನ್ಯಾಗ, ಆ ಸೆಕ್ಯಾಗ, ಹಾಡಿಸಿ ಹಾಡಿಸಿ ನಾನs ಕಳದೆ ಅಂತ ನನ್ನ ಜೀವ ಇರೋತನಕ ನನಗ ಅನಸ್ತದ. ನನ್ನ ಕೈಲೆ ಆಗಂಗಿಲ್ರಿ. ನನಗ ಅಂಜಿಕಿ ಬರ್ತದ."

ಅಷ್ಟು ದಿನ ನಾನೊಬ್ಬಳೇ ಹೆದರಿದ್ದೆ. ಈಗ ಕಾರ್ಖಾನೆಯಲ್ಲಿ ಕಬ್ಬಿಣ ಬಗ್ಗಿಸುವ ಆ ದೊಡ್ಡ ಮನುಷ್ಯರೂ ನನ್ನ ಗಂಟಿಗೆ ಹೆದರಿ ನಿಂತದ್ದು ನೋಡಿ, ನನಗೆ ಎಲ್ಲಿಂದಲೋ ಮಾತು ಬಂತು.

"ಹಾಡಸ್ಲಿಲ್ಲ ಅಂದ್ರ ನನ್ನ ಆವಾಜ್ ಎಲ್ಲೂ ಉಳಿಯಂಗಿಲ್ಲ ಮಾಸ್ತರ್ರೆ. ನಮ್ಮವ್ವನ ಹಾಡೂ ಉಳಿಯಂಗಿಲ್ಲ. ನೀವು ಅಂಜಿದ್ರ ನಾ ಯಾರ ಕಡಿ ನೋಡ್ಲಿ?"

ಅವರು ಹೊರಗೆ ಹೋಗಿ ರಸ್ತೆಯ ಅಂಚಿನಲ್ಲಿ ನಮಗೆ ಬೆನ್ನು ಮಾಡಿ ನಿಂತರು. ಹೆಂಡತಿ ಹೋಗಿ ಏನೋ ಮೆಲ್ಲಗೆ ಹೇಳಿದರು. ಒಳಗೆ ಗಾರ್ಡು ಸಾಹೇಬರು ಪಿಟೀಲನ್ನು ಪೆಟ್ಟಿಗೆಯಲ್ಲಿ ಇಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಾಸ್ತರ್ ಮರಳಿ ಬಂದು, ನನ್ನ ಮುಖ ನೋಡದೆ, "ಎಲ್ಲಾರೂ ಶ್ರುತಿ ಇಳಸ್ರಿ. ಅಕ್ಕೋರಿಗೆ ಎಲ್ಲಿ ಹಗುರ ಆಗ್ತದ ಅಲ್ಲಿ ಹಿಡೀರಿ" ಎಂದರು. ಅಷ್ಟು ಕೆಳಗೆ ಇಳಿಸಿದರೆ ಕ್ಲಾರಿನೆಟ್ಟು ಛಂದ ಕೇಳುವುದಿಲ್ಲ ಎಂದು ಅದನ್ನು ನುಡಿಸುವವನು ಗೊಣಗಿದ. "ನಿನ್ನ ಕ್ಲಾರಿನೆಟ್ ಮದಿವ್ಯಾಗ ಬಾರಸು, ಇಲ್ಲಿ ಸುಮ್ನ ಕುಂದ್ರು" ಎಂದುಬಿಟ್ಟರು. ಪಾಪ, ಅವನು ಆ ಹಾಡಿಗೆ ಸುಮ್ಮನೇ ಕೂತ.

ಮತ್ತೆ ಬಾಗಿಲು ಮುಚ್ಚಿದರು. ಸ್ಪೂಲು ತಿರುಗತೊಡಗಿತು. ಪಿಟೀಲಿನ ಹಿಂದೆ ನಾನು ಶುರು ಮಾಡಿದೆ. ಹೆದರಿಕೆ ಹೋಗಿರಲಿಲ್ಲ. ಎದೆ ಡವಡವ ಎನ್ನುವುದು ಮೈಕಿಗೆ ಕೇಳುತ್ತದೇನೋ ಎಂದೂ ಅನಿಸಿತು. ಆದರೆ ಈಗ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಆಯುಷ್ಯ ಬೆಳೆಯಲಿ ಎನ್ನುವ ಸಾಲು ಬಂತು. ಕಣ್ಣು ಮುಚ್ಚಿ ಏರಿದೆ. ಧ್ವನಿ ನಡುಗಿತು, ಒಡೆಯಲಿಲ್ಲ. ಆ ನಡುಕವೂ ಟೇಪಿಗೆ ಹೋಯಿತು. ಹಾಡು ಮುಗಿದ ಮೇಲೆ ಯಾರೂ ಅಲುಗಾಡಲಿಲ್ಲ. ಮಷೀನು ನಿಂತದ್ದೇ ತಡ, ದೂರದಲ್ಲಿ ಗಣಿಯ ಸೈರನ್ ಕೂಗಿಕೊಂಡಿತು. ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು.

ಉಳಿದ ಹಾಡುಗಳನ್ನು ಮರುದಿನ ಮುಗಿಸಿದೆವು. ಸಂಜೆ ರೆಕಾರ್ಡಿಂಗ್‌ನವನು ಎಲ್ಲವನ್ನೂ ಕೇಳಿಸುತ್ತೇನೆಂದಾಗ ನಾನು ಮಾತ್ರ ಮಾಸ್ತರರ ಮನೆಯ ಅಡುಗೆಮನೆಗೆ ಹೋಗಿ ಕೂತೆ. ನನ್ನ ಧ್ವನಿ ನನ್ನನ್ನು ಬಿಟ್ಟು ಆ ಮಷೀನಿನೊಳಗೆ ಹೋಗಿದೆ ಎಂಬ ಹುಚ್ಚು ಯೋಚನೆ ಬಂದು, ಕೇಳಲು ಧೈರ್ಯವಾಗಲಿಲ್ಲ.

ಆಸ್ಪತ್ರೆಗೆ ಅವ್ವ ಚಿಮ್ಮನಚೋಡದಿಂದ ಬಸ್ಸು ಬದಲಿಸಿ ಬದಲಿಸಿ ಬಂದಳು. ಅವಳು ಹೈದರಾಬಾದು ನೋಡಿದ್ದು ಅದೇ ಮೊದಲು. ಥಿಯೇಟರಿಗೆ ಒಯ್ಯುವ ಮೊದಲು ನನ್ನ ಕಾಲು ಎಷ್ಟು ತಣ್ಣಗಾಗಿದ್ದವೆಂದರೆ ಅವಳು ತನ್ನ ಸೆರಗಿನಿಂದ ಅವನ್ನು ಉಜ್ಜುತ್ತಲೇ ಇದ್ದಳು. ಯಜಮಾನರು ಗೋಡೆಗೆ ಆತುಕೊಂಡು ನಿಂತಿದ್ದರು. ನನಗೆ ಅವರಿಬ್ಬರಿಗೂ ಏನಾದರೂ ಹೇಳಬೇಕೆನಿಸಿತು. ಇದೇ ನನ್ನ ಸ್ವಂತ ಧ್ವನಿಯ ಕೊನೆಯ ಮಾತಾದರೆ ಯಾವ ಮಾತು ಆಡಲಿ ಎಂದು ಹುಡುಕುತ್ತಾ ಇರುವಾಗಲೇ ಸ್ಟ್ರೆಚರ್ ಗಾಡಿ ತಳ್ಳಿಕೊಂಡು ಹೋದರು. ಕಡೆಗೆ ಆಡಿದ್ದು, "ಚೀಲ ಮಂಚದ ಕೆಳಗ ಅದ ನೋಡ್ರಿ" ಎಂಬ ಮಾತು.

ಎಚ್ಚರವಾದಾಗ ಕೊರಳು ಕಟ್ಟಿಗೆಯ ಹಾಗೆ ಬಿಗಿದಿತ್ತು. ಡಾಕ್ಟರು ಬಾಗಿ, ಏನಾದರೂ ಮಾತಾಡಮ್ಮ ಎಂದರು. ನಾನು ಬಾಯಿ ತೆರೆಯಲಿಲ್ಲ. ಮಾತಾಡದಿದ್ದರೆ ಧ್ವನಿ ಹೋಯಿತೋ ಉಳಿಯಿತೋ ಗೊತ್ತಾಗುವುದಿಲ್ಲವಲ್ಲ. ಗೊತ್ತಾಗದೆಯೇ ಇನ್ನೊಂದಿಷ್ಟು ಹೊತ್ತು ಇರೋಣ ಎನಿಸಿತು. ನರ್ಸ್ ಗದರಿದಳು. "ಅವ್ವಾ" ಎಂದೆ. ಬಂದದ್ದು ಗಾಳಿ. ಒಣ ಎಲೆ ಉಜ್ಜಿದ ಹಾಗೆ ಒಂದು ಸದ್ದು, ಅಷ್ಟೇ.

ಡಾಕ್ಟರು ನನ್ನ ಭುಜ ತಟ್ಟಿ, ನರ ಕಡಿದಿಲ್ಲ, ಎಳೆತಕ್ಕೆ ಸುಸ್ತಾಗಿರಬೇಕು, ತಿಂಗಳುಗಟ್ಟಲೆ ಹಿಡಿಯಬಹುದು, ಎಷ್ಟು ಮರಳುತ್ತದೆಂದು ಈಗಲೇ ಹೇಳಲಾರೆ ಎಂದರು.

ಆಮೇಲಿನ ದಿನಗಳಲ್ಲಿ ನನ್ನ ಮಾತು ಕಡಿಮೆಯ ಅವ್ವ ಮಾತಾಡಿದ್ದೇ ಮಾತಾಡಿದ್ದು. "ನೀ ಸುಮ್ನ ಮಲಗು, ನಾ ಹೇಳ್ತೀನಿ" ಎಂದು ಶುರು ಮಾಡಿದರೆ ಊರಿನ ಎಮ್ಮೆ, ತೊಗರಿ ಹೊಲ, ಯಾರದೋ ಮದುವೆಯಲ್ಲಿ ಹೂರಣ ಹಳಸಿದ್ದು, ಎಲ್ಲ ಬರುತ್ತಿತ್ತು. ಒಂದು ಗಳಿಗೆ ಸುಮ್ಮನಾದರೆ ಆ ಕೋಣೆಯ ಮೌನ ಅವಳಿಗೆ ತಡೆಯಲಾಗುತ್ತಿರಲಿಲ್ಲ. ನನಗಿಂತ ಅವಳೇ ಹೆದರಿದ್ದಳು. ಗಂಟಿನ ಪರೀಕ್ಷೆಯ ಫಲ ಬಂದು, ಅದು ಕೆಟ್ಟ ಗಂಟಲ್ಲ ಎಂದು ತಿಳಿದ ದಿನ ಯಜಮಾನರು ವರಾಂಡದಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತರು. ಅವ್ವ ಕೈ ಮುಗಿದಳು. ಜೀವ ಉಳಿದ ನಾನು ಮಾತ್ರ ತಲೆ ಆಡಿಸಿದೆ. ಸಂತೋಷ ಪಡಲೂ ಒಂದು ಧ್ವನಿ ಬೇಕಾಗುತ್ತದೆ ಎಂದು ಅಂದು ಗೊತ್ತಾಯಿತು.

ಹಬ್ಬ ಇನ್ನೇನು ಬಂತು ಎನ್ನುವಾಗ ಊರಿಗೆ ಹೊರಟೆವು. ಕೊರಳಿಗೆ ಪಟ್ಟಿ, ಮೇಲೆ ಶಾಲು. ಸೇಡಂ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಚಹಾದ ಅಂಗಡಿಯಲ್ಲಿ ಟೇಪ್ ರೆಕಾರ್ಡರು ಹಾಡುತ್ತಿತ್ತು. ಮೊದಲು ಪಿಟೀಲು ಕೇಳಿತು. ಆ ತಿರುವು ನನಗೆ ಗೊತ್ತಿದ್ದದ್ದು. ಆಮೇಲೆ ನಾನು ಹಾಡತೊಡಗಿದೆ.

ಸತ್ತವಳ ಧ್ವನಿ ಕೇಳಿದ ಹಾಗಾಯಿತು. ಎಷ್ಟು ನಿರಾಳವಾಗಿ ಹಾಡುತ್ತಿದ್ದಾಳೆ ಆಕೆ! ಆಕೆ ಹಾಡುತ್ತಿದ್ದಾಳೆ, ನಾನು ಬಾಯಿ ಮುಚ್ಚಿ ಕೂತಿದ್ದೇನೆ. ಇಬ್ಬರಲ್ಲಿ ಯಾರು ಖರೇ ಎಂದು ತಲೆ ತಿರುಗಿತು. ಎದುರು ಸೀಟಿನ ಹೆಂಗಸು ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ, "ಯಾರೋ ಎಷ್ಟ್ ಛಂದ ಹಾಡ್ಯಾಳ ನೋಡ್ರಿ. ನಮ್ಮ ಕಡಿದs ಹಾಡು" ಎಂದಳು. ಅವ್ವನಿಗೆ ತನ್ನ ಹಾಡು ಗುರುತು ಸಿಕ್ಕಿತು. ನನ್ನ ಧ್ವನಿಯೂ ಸಿಕ್ಕಿತು. ಅವಳು ಎದ್ದು, ಆ ಹೆಂಗಸಿಗೆ ಏನೂ ಹೇಳದೆ, ಕಿಟಕಿಯ ಬಾಗಿಲನ್ನು ಕೆಳಗೆ ಎಳೆದುಬಿಟ್ಟಳು. ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, ಗಾಡಿ ಹೊರಡುವ ತನಕ ಹಾಗೆಯೇ ನಿಂತಳು.

ಆ ದೀಪಾವಳಿಯಲ್ಲಿ ವಾಡಿಯ ಬಜಾರಿನ ತುಂಬ ಅದೇ ಕ್ಯಾಸೆಟ್ಟು. ನಾನು ಬಾಗಿಲು ಕಿಟಕಿ ಹಾಕಿಕೊಂಡು ಕೂತೆ. ಜನ ಮನೆಗೆ ಬಂದು ಹೊಗಳುತ್ತಿದ್ದರು. ಉತ್ತರಕ್ಕೆ ನಾನು ಕೊರಳ ಪಟ್ಟಿ ತೋರಿಸುತ್ತಿದ್ದೆ. ಅವರ ಮುಖದಲ್ಲಿ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಮಾಸ್ತರ್ ಬರಲಿಲ್ಲ. ಅವರು ಅಂಜಿ ಬಂದಿಲ್ಲವೆಂದು ನನಗೆ ಗೊತ್ತಿತ್ತು.

ಹಬ್ಬ ಮುಗಿದು ಎಷ್ಟೋ ದಿನಕ್ಕೆ, ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಮಾಸ್ತರ್ ಹೊಸ್ತಿಲಾಚೆಯೇ ನಿಂತರು, ಒಳಗೆ ಕಾಲಿಡಲಿಲ್ಲ. ನಾನು ಎದ್ದು ಹೋಗಿ, ಇದ್ದಷ್ಟು ಗಾಳಿಯನ್ನೆಲ್ಲ ಕೂಡಿಸಿ, "ಒಳಗ ಬರ್ರಿ, ಕುಂದ್ರಿ" ಎಂದೆ. ಅದನ್ನು ಕೇಳಿ ಅವರ ಮುಖ ಬಿಳಿಚಿಕೊಂಡಿತು.

"ನಿಮ್ಮದೇನೂ ತಪ್ಪಿಲ್ರಿ. ನೀವು ಹಾಡಸಿದ್ದಕ್ಕ ಆಗಿದ್ದಲ್ಲ ಇದು" ಎಂದು ಪಿಸುಗುಟ್ಟಿದೆ.

"ಖರೇನಾ? ಡಾಕ್ಟರ್ ಹಂಗs ಹೇಳ್ಯಾರಾ?"

"ಹಂಗs ಹೇಳ್ಯಾರ. ಕೇಳ್ರಿ ಬೇಕಾದ್ರ ಇವರನ್ನ."

ಯಜಮಾನರು ಹೌದೆಂದರು. ಮಾಸ್ತರ್ ಒಳಗೆ ಬಂದು ಕುರ್ಚಿಯ ಮೇಲೆ ಕುಸಿದು ಕೂತು, ಹೆಂಡತಿ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಪ್ರತಿ ಭಾನುವಾರವೂ ಅವರು ಪೆಟ್ಟಿ ಹಿಡಿದು ಬರತೊಡಗಿದರು. ಕೆಳಗಿನ ಒಂದೇ ಸ್ವರ ಒತ್ತಿ ಹಿಡಿದು, "ಹಾಡಬ್ಯಾಡ್ರಿ, ಬರೇ ಹೂಂ ಅನ್ರಿ" ಎನ್ನುತ್ತಿದ್ದರು. ಹೂಂ ಎಂದರೆ ಉಸಿರು ಬರುತ್ತಿತ್ತು. ಭಾನುವಾರಗಳು ಹಾಗೇ ಕಳೆದವು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಉಸಿರಿನ ನಡುವೆ ಒಂದು ಗೊಗ್ಗರು ದನಿ ಎದ್ದಿತು. ನಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡೆ. ಮಾಸ್ತರ್ ಪೆಟ್ಟಿಯ ಬಾಯಿ ಮುಚ್ಚಿ ಹೊರಗೆ ಹೋಗಿ ಬೀಡಿ ಹಚ್ಚಿದರು.

ಮಾತು ಪೂರ್ತಿ ಮರಳಿತು. ಶಾಲೆಗೆ ಹೋಗತೊಡಗಿದೆ. ಮೇಲಿನ ಸ್ವರಗಳು ಮಾತ್ರ ಬರಲಿಲ್ಲ. ಒಂದು ಎತ್ತರಕ್ಕೆ ಹೋದ ಮೇಲೆ ಧ್ವನಿ ಬಿರಿಯುತ್ತದೆ, ಇವತ್ತಿಗೂ ಹಾಗೆಯೇ. ಮುಂದಿನ ವರ್ಷ ಮಾಸ್ತರ್ ಯುಗಾದಿಯ ಕ್ಯಾಸೆಟ್ಟು ಮಾಡಿದಾಗ ಬೇರೆ ಹುಡುಗಿಯನ್ನು ಹಾಡಿಸಿದರು. ಹಾಡುಗಳನ್ನು ಅವಳಿಗೆ ಹೇಳಿಕೊಟ್ಟವಳು ನಾನೇ. ಹೇಳಿಕೊಡುವಾಗ ಹೊಟ್ಟೆಕಿಚ್ಚು ಆಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಶಾಲೆಯಲ್ಲಿ ಮೊದಲು ನನ್ನದಾಗಿದ್ದ ಪ್ರಾರ್ಥನೆ ಹಾಡಿಸುವ ಕೆಲಸವನ್ನು ಮುಖ್ಯೋಪಾಧ್ಯಾಯಿನಿಯವರು ತಾವೇ ಬೇರೆಯವರಿಗೆ ವಹಿಸಿದ್ದರು. ನಾನು ಬೇಕೆಂದೂ ಕೇಳಲಿಲ್ಲ. ಅಷ್ಟೊಂದು ಹುಡುಗಿಯರ ಮುಂದೆ ಧ್ವನಿ ಬಿರಿದರೆ ಎಂಬ ಹೆದರಿಕೆ ಒಳಗೇ ಇತ್ತು. ಒಂದು ಬೆಳಿಗ್ಗೆ ಹಾಡಿಸುವ ಟೀಚರು ಬಂದಿರಲಿಲ್ಲ. ಹುಡುಗಿಯರು ಸಾಲಾಗಿ ನಿಂತಿದ್ದರು, ಬಿಸಿಲು ಏರುತ್ತಿತ್ತು. ಮುಖ್ಯೋಪಾಧ್ಯಾಯಿನಿಯವರು ನನ್ನ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡಿದರು. ಆ ನೋಟ ತಿರುಗಿಸಿದ್ದೇ ನನಗೆ ಚುಚ್ಚಿತು. ಮುಂದೆ ಬಂದು ಶುರು ಮಾಡಿದೆ.

ಮೊದಲ ಸಾಲು ನಾನು ಹಾಡಿದೆ, ಹುಡುಗಿಯರು ಹಿಡಿದರು. ಎರಡನೆಯ ಸಾಲಿನಲ್ಲಿ ಮೇಲೆ ಹೋಗುವ ಜಾಗಕ್ಕೆ ಬಂದು ನನ್ನ ಧ್ವನಿ ಬಿರಿದೇಬಿಟ್ಟಿತು. ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. ಯಾರಿಗೂ ಕೇಳಿಸಿರಲೂ ಇಲ್ಲ. ಅವರು ಮಕ್ಕಳು ಹಾಡುವ ಹಾಗೆ ಬಾಯಿ ಹರಿಯುವಷ್ಟು ಜೋರಾಗಿ, ತಾಳ ತಪ್ಪಿ, ಒಬ್ಬರಿಗಿಂತ ಒಬ್ಬರು ಮುಂದೋಡುತ್ತಾ ಹಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಇಬ್ಬರು ಜಡೆ ಎಳೆದಾಡುತ್ತಿದ್ದರು. ನಾನು ಕೆಳಗಿನ ಸ್ವರದಲ್ಲಿ ಅವರ ಜೊತೆ ಕೊನೆಯ ತನಕ ಹಾಡಿ ಮುಗಿಸಿದೆ. ಆಮೇಲೆ ಆ ಇಬ್ಬರನ್ನೂ ಹೆಸರು ಹಿಡಿದು ಗದರಿ, ಸಾಲನ್ನು ತರಗತಿಗೆ ಕಳಿಸಿದೆ.